ತಿರುವೈಯಾರಿಗೆ ಹೊರಟ ಸಂಗೀತ ವಿದ್ಯಾರ್ಥಿಗಳ ಪತ್ತೇದಾರಿ ಚಿತ್ರ: ಸುಳಿವನ್ನು ರಾಗದಲ್ಲಿ ಅಡಗಿಸುವುದು ಹೇಗೆ?

ಪ್ರಶ್ನೆ (ಕುಂಬಳೆಯ ಚಿತ್ರಕಥೆಗಾರ)

ಕಾಸರಗೋಡಿನ ನಾಲ್ವರು ಸಂಗೀತ ವಿದ್ಯಾರ್ಥಿಗಳು ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ನಡೆಯುವ ತ್ಯಾಗರಾಜ ಆರಾಧನೆಗೆಂದು ರೈಲು ಹತ್ತುತ್ತಾರೆ. ಪಾಲಕ್ಕಾಡು ದಾಟುವಷ್ಟರಲ್ಲಿ ಎದುರಿನ ಆಸನದಲ್ಲಿದ್ದ ವೃದ್ಧ ವಿದ್ವಾಂಸರು ಕಾಣೆಯಾಗಿ, ಅವರ ಚೀಲ ಮಾತ್ರ ಉಳಿಯುತ್ತದೆ. ಅದರೊಳಗಿನ ಪುಸ್ತಕದಲ್ಲಿ ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ, ತ್ಯಾಗರಾಜರ ಪಂಚರತ್ನ ಕೃತಿಗಳ ರಾಗಗಳನ್ನು ಬರೆದಿಟ್ಟಿದ್ದು, ಒಂದೊಂದು ವ್ಯಂಜನಕ್ಕೂ ಒಂದು ಅಂಕಿಯನ್ನು ಕೊಡುವ ಕಟಪಯಾದಿಯ ಲೆಕ್ಕದಲ್ಲಿ ಅವು ತಂಜಾವೂರಿನ ವಸತಿಗೃಹವೊಂದರ ಕೋಣೆಯ ಸಂಖ್ಯೆಯನ್ನು ತಿಳಿಸಬೇಕೆಂಬುದು ನನ್ನ ಯೋಚನೆ. ಸಂಗೀತ ಬಲ್ಲವರು ಇದನ್ನು ಒಪ್ಪಬಹುದೇ? ತಿಳಿಯದವರಿಗೆ ಪಾಠ ಮಾಡದೆ ಇದನ್ನು ಮುಟ್ಟಿಸುವುದು ಹೇಗೆ?

ಉತ್ತರ (ಬದಿಯಡ್ಕದ ಸಂಗೀತ ಶಿಕ್ಷಕಿ)

ಒಪ್ಪುವುದು ಕಷ್ಟ. ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿ ಸಂಖ್ಯೆಯನ್ನು ಅಡಗಿಸಿರುವುದು ಮೇಳಕರ್ತಗಳೆಂಬ 72 ಮೂಲ ರಾಗಗಳಲ್ಲಿ ಮಾತ್ರ. ನೀವು ಹೆಸರಿಸಿದ ಐದೂ ಈಗ ಪಾಠ ಹೇಳುವ ಪದ್ಧತಿಯಲ್ಲಿ ಅವುಗಳಿಂದ ಹುಟ್ಟಿದ ಜನ್ಯರಾಗಗಳು. ಮೊದಲ ಪಾಠವಾದ ಸರಳೆ ವರಸೆಯ ಮಾಯಾಮಾಳವಗೌಳವನ್ನೇ ನೋಡಿ: ‘ಮಾ’ ಐದು, ‘ಯಾ’ ಒಂದು, ಬಲದಿಂದ ಎಡಕ್ಕೆ ಓದಿದರೆ 15.

ನಿಮ್ಮ ಕಥೆಗೆ ಹೇಳಿಮಾಡಿಸಿದ ರಾಗ ಚಕ್ರವಾಕ. ಒತ್ತಕ್ಷರ ಬಂದಾಗ ಕೊನೆಯ ವ್ಯಂಜನವನ್ನು ಎಣಿಸಬೇಕೆಂಬುದು ನಿಯಮ. ರತ್ನಾಂಗಿಗೆ 2 ದೊರೆಯುವುದು ‘ತ್ನಾ’ದಲ್ಲಿರುವ ನಕಾರವನ್ನು ಸೊನ್ನೆಯೆಂದು ಹಿಡಿದಾಗ. ಅದೇ ನಿಯಮವನ್ನು ಚಕ್ರವಾಕಕ್ಕೆ ಅನ್ವಯಿಸಿ ‘ಚ’ ಆರು, ‘ಕ್ರ’ದ ರಕಾರ ಎರಡು ಎಂದು ಹಿಡಿದರೆ 26 ಬರುತ್ತದೆ, ಆದರೆ ಮೇಳಗಳ ಪಟ್ಟಿಯಲ್ಲಿ ಅದರ ಸ್ಥಾನ 16, ಏಕೆಂದರೆ ಅಲ್ಲಿ ಒಂದು ಎಂಬ ಬೆಲೆಯ ಕಕಾರವನ್ನೇ ಎಣಿಸಲಾಗಿದೆ. 26ನೆಯದು ಚಾರುಕೇಶಿ. ಲೆಕ್ಕವನ್ನಷ್ಟೇ ಕಲಿತ ಖಳನು 26ನೇ ಕೋಣೆಯ ಬಾಗಿಲು ತಟ್ಟಲಿ, ರಾಗವನ್ನು ಹಾಡಿ ಬಲ್ಲ ಹುಡುಗಿ ನೇರವಾಗಿ 16ಕ್ಕೆ ಹೋಗಲಿ.

ಇನ್ನೊಂದು ಅನುಕೂಲವೂ ಇದೆ. ಈ ಎರಡು ರಾಗಗಳ ಗಾಂಧಾರ, ಮಧ್ಯಮ, ನಿಷಾದ ಸ್ವರಗಳು ಒಂದೇ ಆಗಿದ್ದು, ಚಕ್ರವಾಕದಲ್ಲಿ ಶುದ್ಧ ರಿಷಭವೂ ಚತುಶ್ರುತಿ ಧೈವತವೂ ಇದ್ದರೆ, ಚಾರುಕೇಶಿಯಲ್ಲಿ ಚತುಶ್ರುತಿ ರಿಷಭವೂ ಶುದ್ಧ ಧೈವತವೂ ಇವೆ. ಹೆಸರು ಗೊತ್ತಿಲ್ಲದ ಕಿವಿಗೂ ಈ ಅದಲುಬದಲು ತಿಳಿಯುತ್ತದೆ.

ಉತ್ತರ (ಮಂಜೇಶ್ವರದ ಪ್ರೇಕ್ಷಕ)

ವೃದ್ಧರು ರೈಲಿನಲ್ಲೇ ಕಾಣೆಯಾಗುವುದು ಬೇಡವೆನ್ನುತ್ತೇನೆ. ಹಿಚ್‌ಕಾಕ್ 1938ರ ‘ದಿ ಲೇಡಿ ವ್ಯಾನಿಶಸ್’ ಚಿತ್ರದಲ್ಲಿ ರೈಲಿನಿಂದ ವೃದ್ಧೆಯೊಬ್ಬಳನ್ನು ಮಾಯ ಮಾಡಿ, ಒಂದು ಮಟ್ಟಿನೊಳಗೇ ರಹಸ್ಯ ಸಂದೇಶವನ್ನು ಇಟ್ಟಿದ್ದಾರೆ. ನೋಡಿದವರು ಕೂಡಲೇ ಹೋಲಿಸುತ್ತಾರೆ. ನಿಮ್ಮ ವಿದ್ವಾಂಸರು ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯಕ್ಕೆ ಹೋದವರು ಮರಳದಿದ್ದರೆ ಹಳೆಯ ಹಸ್ತಪ್ರತಿಗಳ ಸಂಗ್ರಹವೇ ಕಥೆಗೆ ಕಾರಣವನ್ನು ಒದಗಿಸುತ್ತದೆ, ತಿರುವೈಯಾರೂ ಅಲ್ಲಿಂದ ದೂರವಿಲ್ಲ. ರೈಲಿನಲ್ಲಿ ಅವರು ಚಕ್ರವಾಕವನ್ನು ಗುನುಗುತ್ತಿರಲಿ, ಅಷ್ಟು ಸಾಕು. ಪ್ರೇಕ್ಷಕನ ಕಿವಿಗೆ ಮೊದಲೇ ಬೀಳದ ರಾಗ ಕೊನೆಯಲ್ಲಿ ಸುಳಿವಾಗಲಾರದು.

ಮತ್ತೊಂದು ಮಾತು: ನಮ್ಮ ಕಡೆಯ ಮಕ್ಕಳೆಲ್ಲ ಬೆಂಗಳೂರಿನ ಕನ್ನಡದಲ್ಲಿ ಮಾತನಾಡುವ ಚಿತ್ರಗಳು ಸಾಕಾಗಿವೆ. ತಮ್ಮತಮ್ಮಲ್ಲಿ ತುಳುವನ್ನೋ ಹವ್ಯಕವನ್ನೋ, ನಿಲ್ದಾಣದಲ್ಲಿ ಮಲಯಾಳವನ್ನೋ ಸಲೀಸಾಗಿ ಆಡುವ ಈ ಮಕ್ಕಳು ಪಾಲಕ್ಕಾಡಿನ ಆಚೆ ತಮಿಳಿನ ಮುಂದೆ ತಡವರಿಸಿದರೆ, ತನಿಖೆಗೆ ಬೇಕಾದ ಅಡಚಣೆ ತಾನಾಗಿಯೇ ಒದಗುತ್ತದೆ.

ಉತ್ತರ (ಬದಿಯಡ್ಕದ ಸಂಗೀತ ಶಿಕ್ಷಕಿ)

ಗುನುಗುವ ಸಲಹೆಗೆ ನನ್ನ ಒಪ್ಪಿಗೆಯಿದೆ. ಚಕ್ರವಾಕವು ಹಿಂದುಸ್ತಾನಿಯ ಅಹೀರ್ ಭೈರವಕ್ಕೆ ಹತ್ತಿರವಾದ್ದರಿಂದ ಕಛೇರಿಗೆ ಹೋಗದವರಿಗೂ ಅದರ ಛಾಯೆ ಪರಿಚಿತವಿರುತ್ತದೆ. ಆದರೆ ಆ ದೃಶ್ಯದಲ್ಲಿ ಹಿನ್ನೆಲೆ ವಾದ್ಯ ಬೇಡ, ರಿಷಭ ಸ್ಪಷ್ಟವಾಗಿ ಕೇಳಿಸಲಿ.