‘ಸಿಟ್‌ಡೌನ್ ಸ್ಟ್ರೈಕ್’ಗೆ ಧರಣಿ ಅನ್ನಬಹುದಾ? ಜೊತೆಗೆ ಸ್ಕ್ಯಾಬ್, ಟೂ-ಟಿಯರ್, ರೈಟ್ ಟು ವರ್ಕ್

ಎಲ್ರಿಗೂ ನಮಸ್ಕಾರ. ತುಂಬ ದಿನದಿಂದ ಬರೀ ಓದ್ತಾ ಇದ್ದೆ, ಈಗ ಕೆಲಸ ಬಿದ್ದಿದೆ ಅಂತ ಬರೀತಿದೀನಿ, ಬೈಕೋಬೇಡಿ. ನಾನಿರೋದು ಡೆಟ್ರಾಯಿಟ್ ಹತ್ರ. ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಇಲ್ಲಿನ ಕಾರ್ ಕಾರ್ಖಾನೆಗಳ ಯೂನಿಯನ್ ಬಗ್ಗೆ ಒಂದು ಲೇಖನ ಬರ್ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟೆ. ನಾನು ಇಂಜಿನಿಯರು, ಯೂನಿಯನ್ನಿಗೆ ಸೇರಿದವನಲ್ಲ, ಆದ್ರೆ ಪಕ್ಕದ್ಮನೆ ಅಜ್ಜ ಮೂವತ್ತು ವರ್ಷ ಕಾರ್ ಜೋಡಿಸೋ ಲೈನಲ್ಲಿ ದುಡಿದು ರಿಟೈರ್ ಆದವರು, ಬೇಸಿಗೆ ಸಂಜೆ ಅವರ ಜೊತೆ ಕೂತ್ರೆ ಬರೀ ಇದೇ ಮಾತು, ಆ ಮಾತುಗಳನ್ನ ಕನ್ನಡಕ್ಕೆ ತರೋಕೆ ಹೋದ್ರೆ ಒಂದೊಂದು ಪದಕ್ಕೂ ಎಡವ್ತಾ ಇದೀನಿ.

ಮೊದಲನೇದು, ತುಂಬ ಕಾಡ್ತಿರೋದು, ಸಿಟ್‌ಡೌನ್ ಸ್ಟ್ರೈಕ್. ನಿಘಂಟು ನೋಡಿದ್ರೆ ‘ಧರಣಿ’ ಅಂತ ಕೊಟ್ಟು ಕೈ ತೊಳ್ಕೊಳತ್ತೆ. ನಂಗ್ಯಾಕೋ ಒಪ್ಪಿಗೆ ಆಗ್ತಿಲ್ಲ. ಧರಣಿ ಅಂದ್ರೆ ಹಿಂದೆ ಸಾಲ ಕೊಟ್ಟವನು ಸಾಲಗಾರನ ಮನೆ ಬಾಗಿಲಲ್ಲಿ ‘ಕೊಡೋವರೆಗೂ ಏಳಲ್ಲ’ ಅಂತ ಕೂರ್ತಿದ್ದ ಪದ್ಧತಿಯಿಂದ ಬಂದಿದ್ದಲ್ವಾ, ಇವತ್ತಿಗೂ ಡಿಸಿ ಆಫೀಸ್ ಮುಂದೆ ಧರಣಿ, ಫ್ರೀಡಂ ಪಾರ್ಕಲ್ಲಿ ಧರಣಿ, ಅಂದ್ರೆ ಕೂತವರು ಯಾವಾಗ್ಲೂ ಬಾಗಿಲಿಂದ ಆಚೆ. ಸಿಟ್‌ಡೌನಲ್ಲಿ ಕೂತವರು ಬಾಗಿಲಿಂದ ಈಚೆ, ತಾವು ದಿನಾ ಕೆಲಸ ಮಾಡೋ ಮಷೀನ್ ಪಕ್ಕದಲ್ಲೇ. ಆ ಒಳಗೆ ಹೊರಗೆ ಅನ್ನೋದೇ ಇಡೀ ಕಥೆ.

ಯಾಕೆ ಅಂತ ಸ್ವಲ್ಪ ಹೇಳ್ಬೇಕು. ಮಿಶಿಗನ್ನಿನ ಫ್ಲಿಂಟ್ ಅನ್ನೋ ಊರು, 1936ರ ಡಿಸೆಂಬರ್ 30, ಜನರಲ್ ಮೋಟರ್ಸಿನ ಫಿಶರ್ ಬಾಡಿ ಕಾರ್ಖಾನೆ. ಕಾರಿನ ಬಾಡಿ ಒತ್ತೋ ಡೈಗಳನ್ನ (ಅಚ್ಚುಗಳನ್ನ) ಕಂಪನಿ ಬೇರೆ ಊರಿಗೆ ಸಾಗಿಸ್ತಿದೆ ಅಂತ ಸುದ್ದಿ ಹಬ್ಬಿತು, ಜನ ಲೈನ್ ನಿಲ್ಲಿಸಿ ಒಳಗೇ ಉಳ್ಕೊಂಡ್ರು. ಯುಎಡಬ್ಲ್ಯೂ (ಯುನೈಟೆಡ್ ಆಟೋ ವರ್ಕರ್ಸ್) ಅಂತ ಈಗ ಎಲ್ರೂ ಕೇಳಿರೋ ಯೂನಿಯನ್ ಹುಟ್ಟಿ ಆಗಿನ್ನೂ ಎರಡು ವರ್ಷ ತುಂಬಿರ್ಲಿಲ್ಲ. ಅವರ ದೊಡ್ಡ ದೂರು ಸಂಬಳಕ್ಕಿಂತ ಹೆಚ್ಚಾಗಿ ‘ಸ್ಪೀಡಪ್’, ಅಂದ್ರೆ ಫೋರ್‌ಮನ್ನು ಲೈನನ್ನ ಇಷ್ಟಿಷ್ಟೇ ಜೋರು ಮಾಡ್ತಾ ಮಾಡ್ತಾ ಮನುಷ್ಯನ ಜೀವ ಹಿಂಡೋದು. ಹೊರಗೆ ಗೇಟಲ್ಲಿ ನಿಂತು ಮುಷ್ಕರ ಮಾಡಿದ್ರೆ ಪೊಲೀಸರು ಹೊಡೀತಾರೆ, ಬೇರೆ ಆಳು ತಂದು ಲೈನ್ ನಡೆಸ್ತಾರೆ, ಅದೇ ಒಳಗೆ ಕೂತ್ರೆ ಹೊಸಬರು ಬರೋಕೆ ಜಾಗಾನೇ ಇಲ್ಲ, ಗುಂಡು ಹಾರಿಸೋಕೂ ಕಂಪನಿಗೆ ತನ್ನ ಮಷೀನಿನ ಭಯ. ಹೊರಗಿಂದ ಹೆಂಗಸರು ಊಟ ಕಳಿಸೋರು. ಜನವರಿ 11ಕ್ಕೆ ಪೊಲೀಸರು ಅಶ್ರುವಾಯು ಬಿಟ್ಟು ನುಗ್ಗೋಕೆ ನೋಡಿದಾಗ ಒಳಗಿನವರು ಕಾರಿನ ಬಾಗಿಲ ಕೀಲುಗಳನ್ನ ಎಸೆದು, ಬೆಂಕಿ ಆರಿಸೋ ಪೈಪಲ್ಲಿ ಆ ಚಳಿಗಾಲದ ತಣ್ಣೀರು ಹಾಯಿಸಿ ಓಡಿಸಿದ್ರು. ಗವರ್ನರ್ ಫ್ರ್ಯಾಂಕ್ ಮರ್ಫಿ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೈನ್ಯ) ಕಳಿಸಿದ್ರು, ಆದ್ರೆ ಒಳಗಿನವರನ್ನ ಎಳೆದು ಹಾಕೋಕೆ ಅವರನ್ನ ಬಳಸ್ಲಿಲ್ಲ. 44 ದಿನ ಆದ್ಮೇಲೆ, 1937ರ ಫೆಬ್ರವರಿ 11ಕ್ಕೆ, ಜಿಎಂ ಕಂಪನಿ ಯೂನಿಯನ್ ಜೊತೆ ಸಹಿ ಹಾಕ್ತು. ಎರಡು ವರ್ಷಕ್ಕೆ, 1939ರಲ್ಲಿ, ಇಲ್ಲಿನ ಸುಪ್ರೀಂ ಕೋರ್ಟು ಬೇರೆ ಕಂಪನಿಯೊಂದರ ಕೇಸಲ್ಲಿ ಹೀಗೆ ಒಳಗೆ ಕೂರೋರಿಗೆ ಕಾನೂನಿನ ರಕ್ಷಣೆ ಇಲ್ಲ ಅಂದ್ಬಿಡ್ತು, ಅದು ಬೇರೆ ಮಾತು.

(ನಡುವೆ ಒಂದು ತಮಾಷೆ. ಆ ಜನವರಿ 11ರ ಗಲಾಟೆಗೆ ಇಲ್ಲಿ ‘ಬ್ಯಾಟಲ್ ಆಫ್ ದ ರನ್ನಿಂಗ್ ಬುಲ್ಸ್’ ಅಂತಾರೆ. ನಾನು ಭಕ್ತಿಯಿಂದ ‘ಓಡುವ ಹೋರಿಗಳ ಕಾಳಗ’ ಅಂತ ಬರ್ದೆ, ನಮ್ಮನೆಯವಳು ಓದಿ ಇದೇನ್ರೀ ಹಾವೇರಿ ಹೋರಿ ಹಬ್ಬನಾ ಅಂದ್ಳು. ಆಮೇಲೆ ಗೊತ್ತಾಯ್ತು, ‘ಬುಲ್’ ಅಂದ್ರೆ ಆ ಕಾಲದ ಆಡುಮಾತಲ್ಲಿ ಪೊಲೀಸು. ಓಡಿದ್ದು ಹೋರಿ ಅಲ್ಲ.)

ಘೇರಾವ್ ಕೂಡ ಆಗಲ್ಲ, ಅದು ಮ್ಯಾನೇಜರನ್ನ ಸುತ್ತುವರಿಯೋದು. ‘ಕುಳಿತು ಮುಷ್ಕರ’ ಅಂತ ಒಂದು ಕಡೆ ಓದಿದೆ, ತಪ್ಪಲ್ಲ, ಆದ್ರೆ ಸಪ್ಪೆ. ನಮ್ಮ ಕಡೆ ಆಡುಮಾತಲ್ಲಿ ‘ಝಂಡಾ ಊರಿದ’ ಅಂತೀವಲ್ಲ, ಬಂದ ನೆಂಟ ಏಳೋ ಹಾಗೇ ಕಾಣದಿದ್ರೆ, ಅರ್ಥಕ್ಕೆ ಅದೇ ಹತ್ರ, ಲೇಖನಕ್ಕೆ ಸ್ವಲ್ಪ ಹಗುರ ಆಯ್ತೇನೋ. 2020ರ ನವೆಂಬರಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೇಲಿ ಕಾರ್ಮಿಕರು ಆವರಣದ ಒಳಗೇ ಕೂತು ಕಂಪನಿ ಲಾಕೌಟ್ ಘೋಷಿಸಿದಾಗ ನಮ್ಮ ಭಾವ ಫೋನಲ್ಲಿ ಹೇಳಿದ್ದು ‘ಒಳಗೇ ಕೂತ್ಬಿಟ್ಟಿದಾರಂತೆ ಕಣೋ’ ಅಂತ. ಅದನ್ನ ನೆನೆಸ್ಕೊಂಡು ‘ಒಳಧರಣಿ’ ಅಂತ ಕಟ್ಟಿದೀನಿ, ಒಳಗುತ್ತಿಗೆ ಇದ್ದ ಹಾಗೆ. ಹೇಗಿದೆ?

ಅದರಲ್ಲೂ ಒಂದು ತೊಡಕಿದೆ. 2023ರ ಸೆಪ್ಟೆಂಬರ್ 15ಕ್ಕೆ ಇದೇ ಯೂನಿಯನ್ನು ಫೋರ್ಡ್, ಜಿಎಂ, ಸ್ಟೆಲಾಂಟಿಸ್ (ಹಳೇ ಕ್ರೈಸ್ಲರ್) ಮೂರರ ಮೇಲೂ ಒಟ್ಟಿಗೆ ಮುಷ್ಕರ ಹೂಡ್ತಲ್ಲ, ಅದಕ್ಕಿಟ್ಟ ಹೆಸರು ‘ಸ್ಟ್ಯಾಂಡ್ ಅಪ್ ಸ್ಟ್ರೈಕ್’. ಅಜ್ಜಂದಿರು ಕೂತ್ರು, ನಾವು ಎದ್ದು ನಿಲ್ತೀವಿ ಅನ್ನೋ ಧ್ವನಿ, ಬೇಕಂತಲೇ ಇಟ್ಟಿದ್ದು. ಎಲ್ಲಾ ಪ್ಲಾಂಟು ಒಂದೇ ಸಲ ನಿಲ್ಲಿಸದೆ ಮೊದಲು ಮೂರೇ ಪ್ಲಾಂಟು, ಆಮೇಲೆ ಅಧ್ಯಕ್ಷ ಶಾನ್ ಫೇನ್ ಲೈವಲ್ಲಿ ಬಂದು ಮುಂದೆ ಏಳೋದು ಯಾರು ಅಂತ ಹೇಳೋರು, ಕಂಪನಿಗೆ ಮುಂಚೆ ಗೊತ್ತಾಗ್ತಾ ಇರ್ಲಿಲ್ಲ. ‘ಒಳಧರಣಿ’ ಅಂದ್ರೆ ಈ ಜೋಡಿ ಮುರಿದು ಹೋಗತ್ತೆ. ‘ಕೂರುಮುಷ್ಕರ, ಏಳುಮುಷ್ಕರ’ ಅಂತ ಬರೆದು ನೋಡಿದೆ, ಓದಿದವರೆಲ್ಲ ಏಳು ಮುಷ್ಕರ ಯಾವ್ಯಾವ್ದು ಅಂತ ಕೇಳ್ತಿದಾರೆ!

ಎರಡನೇದು ಸ್ಕ್ಯಾಬ್. ಮುಷ್ಕರದ ಹೊತ್ತಲ್ಲಿ ಒಳಗೆ ಹೋಗಿ ಕೆಲಸ ಮಾಡೋನು. ಅಜ್ಜ ಈ ಪದ ಆಡುವಾಗ ದನಿಯೇ ಬದಲಾಗತ್ತೆ, ನಲವತ್ತು ವರ್ಷದ ಹಿಂದೆ ಗೆರೆ ದಾಟಿದೋನ ಜೊತೆ ಇವತ್ತಿಗೂ ಮಾತಿಲ್ಲ. ‘ಮುಷ್ಕರಭಂಜಕ’ ಅಂದ್ರೆ ಯಾವನೋ ಪೌರಾಣಿಕ ವೀರನ ಬಿರುದು ಇದ್ದಂಗಿದೆ. ಮಾತಿಗೆ ಮಾತು ಅಂತ ‘ಹಕ್ಕಳೆ’ ಅಂದ್ರೆ ಗಾಯ ನೆನಪಾಗತ್ತೆ ಅಷ್ಟೇ, ಬೈಗುಳ ಆಗಲ್ಲ. ಮಲಯಾಳಿ ಸ್ನೇಹಿತರೊಬ್ಬರು ತಮ್ಮಲ್ಲಿ ಕರಿಂಗಾಲಿ ಅಂತಾರೆ ಅಂದ್ರು, ತಮಿಳಲ್ಲೂ ಕರುಂಗಾಲಿ. ಅದು ಮರದ ಹೆಸರು, ಆ ಮರದ್ದೇ ಕಾವು ಹಾಕಿದ ಕೊಡಲಿ ಕಾಡನ್ನೇ ಕಡಿಯತ್ತೆ ಅಂತ ಅವರು ಬಿಡಿಸಿ ಹೇಳಿದ್ರು. ತಕ್ಷಣ ನಂಗೆ ಹೊಳೀತು, ನಮ್ಮಲ್ಲಿ ‘ಕೊಡಲಿ ಕಾವು ಕುಲಕ್ಕೆ ಸಾವು’ ಅಂತ ಗಾದೇನೇ ಇದ್ಯಲ್ಲ! ಹಾಗಾದ್ರೆ ಸ್ಕ್ಯಾಬ್‌ಗೆ ‘ಕೊಡಲಿಕಾವು’. ನಂಗಂತೂ ಇದು ತುಂಬ ಹಿಡಿಸಿದೆ, ನೀವೆಲ್ಲ ಬೇಡ ಅಂದ್ರೂ ಬಹುಶಃ ಇದನ್ನೇ ಹಾಕ್ತೀನಿ.

ಮೂರನೇದು ಟೂ-ಟಿಯರ್ ವೇಜ್. 2007ರ ಒಪ್ಪಂದದಲ್ಲಿ, ಕಂಪನಿಗಳು ಮುಳುಗೋ ಹಂತಕ್ಕೆ ಬಂದಿದ್ದಾಗ, ಹೊಸದಾಗಿ ಸೇರೋರಿಗೆ ಹಳಬರ ಸುಮಾರು ಅರ್ಧ ಸಂಬಳ ಅಂತ ಯೂನಿಯನ್ ಒಪ್ಕೊಳ್ತು. ಹಳಬರಿಗೆ ಗಂಟೆಗೆ 28 ಡಾಲರ್ ಆಸುಪಾಸು, ಹೊಸಬರಿಗೆ 14ರ ಆಸುಪಾಸು. ಅಷ್ಟು ಮಾಡಿದ್ರೂ 2009ರಲ್ಲಿ ಕ್ರೈಸ್ಲರ್, ಜಿಎಂ ಎರಡೂ ದಿವಾಳಿ ಅರ್ಜಿ ಹಾಕಿದ್ವು. ಒಂದೇ ಲೈನು, ಎಡಗಡೆ ನಿಂತೋನು ಬಾಗಿಲಿಗೆ ಬೋಲ್ಟ್ ಹಾಕ್ತಾನೆ, ಬಲಗಡೆ ನಿಂತೋನೂ ಅದನ್ನೇ ಹಾಕ್ತಾನೆ, ಪಗಾರ ಮಾತ್ರ ಅರ್ಧ. ‘ದ್ವಿಸ್ತರ ವೇತನ’ ಅಂತ ಬರೆದ್ರೆ ಯಾರಿಗೂ ಏನೂ ಚುಚ್ಚಲ್ಲ. ನಂಗೆ ಹೊಳೆದಿದ್ದು ‘ಪಂಕ್ತಿಭೇದ’. ಲೈನು ಅಂದ್ರೂ ಪಂಕ್ತೀನೇ ಅಲ್ವಾ. ಆದ್ರೆ ನಮ್ಮ ದೇಶದಲ್ಲಿ ಆ ಪದ ಹೊತ್ತಿರೋ ಜಾತಿ ಅವಮಾನ ಬೇರೇನೇ ತೂಕದ್ದು, ಗಂಟೆಗೆ ಹದಿನಾಲ್ಕು ಡಾಲರ್ ತಗೊಳ್ಳೋನ ಕಷ್ಟಕ್ಕೆ ಅದನ್ನ ತಂದು ಅಂಟಿಸೋದು ಸರೀನಾ ಅಂತ ಅಳುಕು. ಈ ಬಗ್ಗೆ ದಯವಿಟ್ಟು ಮುಲಾಜಿಲ್ಲದೆ ಹೇಳಿ. (ಆ ಭೇದ ಪೂರ್ತಿ ಹೋಗಿಲ್ಲ, ಆದ್ರೆ 2023ರ ಒಪ್ಪಂದ ಆದ್ಮೇಲೆ ಹೊಸಬ ಮೇಲಿನ ಸಂಬಳ ಮುಟ್ಟೋಕೆ ಎಂಟು ವರ್ಷದ ಬದಲು ಮೂರು ವರ್ಷ ಸಾಕು.)

ಇದರ ಪಕ್ಕದ್ದೇ ಇನ್ನೊಂದು, ಕನ್ಸೆಶನ್. 1979ರಲ್ಲಿ ಕ್ರೈಸ್ಲರ್ ಉಳಿಸೋಕೆ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತಾಗ ಕಾರ್ಮಿಕರೂ ಬರಬೇಕಾದ್ದನ್ನ ಬಿಟ್ಟುಕೊಟ್ರು. ‘ರಿಯಾಯಿತಿ’ ಅಂದ್ರೆ ದೀಪಾವಳಿ ಸೀರೆ ಸೇಲ್ ಥರ ಕೇಳತ್ತೆ. ಸದ್ಯಕ್ಕೆ ‘ಬಿಟ್ಟುಕೊಟ್ಟಿದ್ದು’ ಅಂತಲೇ ಇಟ್ಟಿದೀನಿ.

ಕೊನೇದು ಪದ ಸುಲಭ, ಅರ್ಥ ಉಲ್ಟಾ. ‘ರೈಟ್ ಟು ವರ್ಕ್’. ನೇರವಾಗಿ ‘ಕೆಲಸದ ಹಕ್ಕು’ ಅಂದ್ರೆ ನಮ್ಮ ಓದುಗರು ಸರ್ಕಾರ ಉದ್ಯೋಗ ಕೊಡಬೇಕು ಅನ್ನೋ ಅರ್ಥ ತಗೋತಾರೆ, ಸಂವಿಧಾನದ 41ನೇ ವಿಧಿ ನೆನಪಾಗತ್ತೆ. ಇಲ್ಲಿ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ: ಯೂನಿಯನ್ ಇರೋ ಕಡೆ ಕೆಲಸ ಮಾಡ್ತಾ, ಅದು ಗೆದ್ದ ಸಂಬಳ ತಗೊಳ್ತಾ, ಯೂನಿಯನ್ನಿಗೆ ಚಂದಾ ಕೊಡದೆ ಇರೋ ಹಕ್ಕು. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಇದನ್ನ ರಾಜ್ಯಗಳ ಕೈಗೆ ಬಿಡ್ತು, ಟೆನ್ನೆಸಿ, ಅಲಬಾಮ ಥರದ ದಕ್ಷಿಣದ ರಾಜ್ಯಗಳು ಬೇಗ ಹಿಡ್ಕೊಂಡ್ವು, ವಿದೇಶಿ ಕಾರ್ ಕಂಪನಿಗಳೂ ಆಮೇಲೆ ಹೋಗಿ ಹೆಚ್ಚಾಗಿ ಆ ಕಡೇನೇ ಪ್ಲಾಂಟ್ ಹಾಕಿದ್ವು. ಯೂನಿಯನ್ನಿನ ತವರಾದ ಮಿಶಿಗನ್ನೇ 2012ರಲ್ಲಿ ಈ ಕಾಯ್ದೆ ಮಾಡಿ 2023ರಲ್ಲಿ ರದ್ದು ಮಾಡ್ತು. ‘ಚಂದಾ ಕೊಡದ ಹಕ್ಕು’ ಅಂತ ಬರೆದ್ರೆ ಅರ್ಥ ಸರಿ, ಆದ್ರೆ ಆ ಕಾಯ್ದೆ ಪರ ಇರೋರು ನೀನು ಪಕ್ಷ ವಹಿಸ್ತಿದೀಯ ಅಂತಾರೆ. ಕೂಟದಲ್ಲಿ ಎರಡೂ ಕಡೆಯವರಿದಾರೆ, ಕಂಪನಿ ಮ್ಯಾನೇಜರುಗಳೇ ಜಾಸ್ತಿ. ‘ರೈಟ್ ಟು ವರ್ಕ್’ ಅಂತಲೇ ಕನ್ನಡ ಅಕ್ಷರದಲ್ಲಿಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡೋದೇ ಕ್ಷೇಮ ಅನ್ಸತ್ತೆ.

ಇದೆಲ್ಲ ಬರೀತಾ ನಮ್ಮ ‘ಮುಷ್ಕರ’ದ ಮೇಲೇ ಅನುಮಾನ ಬಂತು. ಅದರ ಹಳೇ ಅರ್ಥ ಹಠ, ಮೊಂಡುತನ. ತೆಲುಗು ಪೇಪರಲ್ಲಂತೂ ‘ಮುಷ್ಕರುಲು’ ಅಂದ್ರೆ ಭಯೋತ್ಪಾದಕರು! ಅಂದ್ರೆ ಕೆಲಸ ನಿಲ್ಲಿಸಿದೋನನ್ನ ಮೊಂಡ ಅಂತ ಕರೆದಿದ್ದು ಮಾಲೀಕರ ಕಡೆಯ ಬಾಯಾ? ‘ಹರತಾಳ’ ನೋಡಿದ್ರೆ ಗುಜರಾತಿಯಿಂದ ಬಂದಿದ್ದು, ಅಂಗಡಿಗೆ ಬೀಗ ಅನ್ನೋ ಅರ್ಥ, ಆದ್ರೆ ಕಾರ್ಖಾನೇಲಿ ಬೀಗ ಹಾಕೋನು ಮಾಲೀಕ, ಅದಕ್ಕೆ ‘ಬೀಗಮುದ್ರೆ’ ಬೇರೆ ಇದೆ. ಧಾರವಾಡದ ಕಡೆ ಹಿರಿಯರು ‘ಸಂಪು’ ಅಂತಿದ್ರು, ಮರಾಠಿಯಿಂದ ಬಂದಿದ್ದು, ಅದರಲ್ಲಿ ಈ ಕಹಿ ಇಲ್ಲ. ಹುಬ್ಬಳ್ಳಿ, ಗದಗದ ಮಿಲ್ಲುಗಳ ಕಡೆಯವರು ಯಾರಾದ್ರೂ ಇದ್ರೆ ಹೇಳಿ: ಸಂಪು ‘ಹೂಡ್ತಿದ್ರಾ’, ‘ಮಾಡ್ತಿದ್ರಾ’? ಸಂಪು ಮುರಿದು ಒಳಗೆ ಹೋದೋನಿಗೆ ಅಲ್ಲಿ ಏನಂತ ಬೈತಿದ್ರು? ಸಂಚಿಕೆ ಅಚ್ಚಿಗೆ ಹೋಗೋಕೆ ಇನ್ನು ಹದಿನೈದು ದಿನ ಇದೆ.