ಲ್ಯಾಬ್ ತರಬೇತಿಯ ಅವಧಿಗೆ ಸ್ಟೈಪೆಂಡ್ ಸಿಗುವುದೇ?

ಪ್ರಶ್ನೆ: ಡಿಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಮುಗಿಸಿದ ನನ್ನ ತಂಗಿ ಆಸ್ಪತ್ರೆಯೊಂದರಲ್ಲಿ ಬೆಳಗಿನಿಂದ ರಕ್ತ ಸಂಗ್ರಹಿಸಿ, ಟ್ಯೂಬುಗಳಿಗೆ ಲೇಬಲ್ ಅಂಟಿಸಿ, ರಕ್ತದ ಘಟಕಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ನಡೆಸುತ್ತಾಳೆ, ‘ಅನುಭವ ಸಿಗುತ್ತದಲ್ಲ’ ಎಂಬ ಮಾತಿನ ಹೊರತು ಅವಳಿಗೆ ಬೇರೇನೂ ದೊರೆಯುತ್ತಿಲ್ಲ. ವೇತನಸಹಿತ ತರಬೇತಿಗೆ ಕಾನೂನಿನ ಆಧಾರವಿದೆಯೇ?

ಉತ್ತರ 1: ಇದೆ. 1961ರ ಅಪ್ರೆಂಟಿಸ್ (ಕೆಲಸದ ಸ್ಥಳದಲ್ಲಿ ತರಬೇತಿ ಪಡೆಯುವವರ) ಕಾಯ್ದೆಯಡಿ ತರಬೇತಿ ಒಪ್ಪಂದ ನೋಂದಣಿಯಾದರೆ ಮಾಸಿಕ ಸ್ಟೈಪೆಂಡ್ ಕೊಡಲೇಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಅದರ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ಕೇಂದ್ರವೇ ಭರಿಸುವ ಏರ್ಪಾಡು ಮಾಡಲಾಯಿತು. ಒಪ್ಪಂದವೇ ಇಲ್ಲದಿದ್ದರೆ ಅದನ್ನು ಬಿಟ್ಟಿ ದುಡಿಮೆ ಎನ್ನದೆ ವಿಧಿಯಿಲ್ಲ.

ಉತ್ತರ 2: ಲ್ಯಾಬ್ ಮೇಲ್ವಿಚಾರಕನಾಗಿ ಹೇಳುವುದಾದರೆ, ಹಣಕ್ಕಿಂತ ಕಲಿಸುವವರ ಸಮಯಕ್ಕೇ ಹೆಚ್ಚು ಕೊರತೆಯಿದೆ. ವರದಿಗಳ ಒತ್ತಡದ ನಡುವೆ ಹಿರಿಯ ತಂತ್ರಜ್ಞರು ಸೂಕ್ಷ್ಮದರ್ಶಕದ ಸ್ಲೈಡ್ ತೋರಿಸುತ್ತ ಕೂರಲಾರರು. ತರಬೇತಿಯ ಸೀಟು ಹೆಚ್ಚಿಸುವ ಮೊದಲು ಅವರಿಗೂ ಭತ್ಯೆ ನಿಗದಿಯಾಗಲಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಒಪ್ಪಂದದ ಪ್ರತಿಯನ್ನು ನಾಳೆಯೇ ಲಿಖಿತವಾಗಿ ಕೇಳಲು ಅವಳಿಗೆ ತಿಳಿಸುತ್ತೇನೆ.