ವೈರ್‌ನಲ್ಲಿ 94, ವೈಫೈನಲ್ಲಿ 280. ಇದೇನು ಉಲ್ಟಾ?

ನಿದ್ದೆಗೇಡಿ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನಮ್ಮದು 300 ಎಂಬಿಪಿಎಸ್ ಕನೆಕ್ಷನ್. ರೂಟರ್ ಹಾಲ್‌ನಲ್ಲಿದೆ, ಡೆಸ್ಕ್‌ಟಾಪ್ ಒಳಗಿನ ರೂಮಿನಲ್ಲಿ. ವೈರ್ ಹಾಕಿದರೆ ಸ್ಪೀಡ್ ಜಾಸ್ತಿ ಅಂತ 15 ಮೀಟರ್ ಕ್ಯಾಟ್ 5ಇ ಕೇಬಲ್ ಎಳೆದೆ. ಈಗ ಸ್ಪೀಡ್ ಟೆಸ್ಟ್ 94 ದಾಟುವುದೇ ಇಲ್ಲ. ಅದೇ ಮೇಜಿನ ಮೇಲಿರುವ ಫೋನಿಗೆ ವೈಫೈನಲ್ಲಿ 280 ಬರುತ್ತಿದೆ! ರೂಟರ್ ಆಫ್ ಮಾಡಿ ಆನ್ ಮಾಡಿದೆ, ಡ್ರೈವರ್ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ಸಂಜೆಮಲ್ಲಿಗೆ:
ಡಿಎನ್‌ಎಸ್ ಬದಲಾಯಿಸಿ ನೋಡಿ. ನನಗೆ ಅದರಿಂದ ಸರಿಹೋಗಿತ್ತು.

ಹಳೇ ಮೋಡೆಮ್:
ಡಿಎನ್‌ಎಸ್ ಮುಟ್ಟಬೇಡಿ, ಅದು ಹೆಸರು ಹುಡುಕಿ ವಿಳಾಸ ಕೊಡುವುದಕ್ಕಷ್ಟೇ. ನಿಮ್ಮ 94 ಅನ್ನೋ ಅಂಕಿಯೇ ಎಲ್ಲ ಹೇಳುತ್ತಿದೆ. 100ರ ಲಿಂಕ್‌ನಲ್ಲಿ ಪ್ಯಾಕೆಟ್‌ಗಳ ಹೆಡರ್‌ಗೆ (ಡೇಟಾ ತುಣುಕಿನ ಮೇಲಿನ ವಿಳಾಸ ಚೀಟಿ ಇದ್ದ ಹಾಗೆ) ಸ್ವಲ್ಪ ಹೋಗಿ ಕೈಗೆ ಸಿಗುವುದು ಸುಮಾರು ಅಷ್ಟೇ. ಅಂದರೆ ಕಂಪ್ಯೂಟರ್‌ಗೂ ರೂಟರ್‌ಗೂ ನಡುವೆ ಗಿಗಾಬಿಟ್, ಅಂದರೆ 1000ದ ಲಿಂಕ್, ಕೂಡಿಕೊಂಡಿಲ್ಲ.

ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. 100/100 ಇದ್ದರೆ ಪೋರ್ಟ್ ಅಥವಾ ಕೇಬಲ್, ಎರಡರಲ್ಲಿ ಒಂದು. ಕೆಲವು ರೂಟರ್‌ಗಳ ಪೋರ್ಟೇ 100ರದ್ದು, ಹಾಗಿದ್ದರೆ ಮಾಡುವುದಕ್ಕೇನೂ ಇಲ್ಲ. ಡಬ್ಬದಲ್ಲಿ ಬಂದ ಗಿಡ್ಡ ಕೇಬಲ್‌ನಿಂದ ಒಮ್ಮೆ ನೇರವಾಗಿ ಚುಚ್ಚಿ ನೋಡಿ.

ನಿದ್ದೆಗೇಡಿ:
100/100 ಅಂತಲೇ ಇದೆ. ಸಿಪಿಯು ಹೊತ್ತುಕೊಂಡು ಹಾಲ್‌ಗೆ ಬಂದು (ಸೊಂಟ ಹೋಯಿತು) ಗಿಡ್ಡ ಕೇಬಲ್ ಹಾಕಿದೆ. 1000/1000! ಹಾಗಾದರೆ ಕೇಬಲ್ಲೇ ಕಳ್ಳ. ಆದರೆ ಕೇಬಲ್ ಹೊಸದು, ಅರ್ಧಂಬರ್ಧ ಕೆಲಸ ಮಾಡುವುದು ಹೇಗೆ?

ಹಳೇ ಮೋಡೆಮ್:
ಕೇಬಲ್ ಒಳಗೆ ಎಂಟು ತಂತಿ ಇರುತ್ತವೆ, ಎರಡೆರಡು ಸುತ್ತಿಕೊಂಡ ನಾಲ್ಕು ಜೋಡಿ. 100ಕ್ಕೆ ನಾಲ್ಕೇ ಸಾಕು: 1, 2, 3, 6ನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಷ್ಟೋ ನೆಟ್‌ವರ್ಕ್ ಕಾರ್ಡುಗಳು ಸುಮ್ನೆ 100ಕ್ಕೆ ಇಳಿದು ಕೂರುತ್ತವೆ, ಒಂದು ಎರರ್ ಕೂಡ ತೋರಿಸುವುದಿಲ್ಲ. ಅಂದಹಾಗೆ, ಪ್ಲಗ್ ನೀವೇ ಹಾಕಿದ್ದಲ್ವಾ?

ನಿದ್ದೆಗೇಡಿ:
ಹೇಳಬಾರದು ಅಂದುಕೊಂಡಿದ್ದೆ. ಗೋಡೆಯ ತೂತಿನಲ್ಲಿ ಪ್ಲಗ್ ತೂರಲಿಲ್ಲ, ಕತ್ತರಿಸಿ ನಾನೇ ಹೊಸ ಪ್ಲಗ್ ಕ್ರಿಂಪ್ ಮಾಡಿದೆ (ತಂತಿಗಳ ಮೇಲೆ ಒತ್ತಿ ಕೂರಿಸಿದೆ). ಈಗ ಟಾರ್ಚ್ ಹಿಡಿದು ನೋಡಿದರೆ ಕೊನೆಯ ಕಂದು ತಂತಿ ತುದಿ ಮುಟ್ಟೇ ಇಲ್ಲ.

ಹಳೇ ಮೋಡೆಮ್:
ಅದೇ 8ನೇದು. ಆ ಪ್ಲಗ್ ಕತ್ತರಿಸಿ ಹೊಸದು ಹಾಕಿ, ಒಮ್ಮೆ ಒತ್ತಿದ್ದು ಮತ್ತೆ ಬರುವುದಿಲ್ಲ. ಜೋಡಿಗಳ ಸುರುಳಿ ಜಾಸ್ತಿ ಬಿಚ್ಚಬೇಡಿ. ಹಸಿರು ಜೋಡಿ ಅಕ್ಕಪಕ್ಕ ಕೂರುವುದಿಲ್ಲ, 3 ಮತ್ತು 6ಕ್ಕೆ ಹೋಗುತ್ತದೆ. ಎಲ್ಲರೂ ಎಡವುವುದು ಅಲ್ಲೇ. ಇನ್ನೊಂದು ತುದಿಯಲ್ಲಿರುವ ಬಣ್ಣದ ಸಾಲನ್ನೇ ನೋಡಿಕೊಂಡು ಜೋಡಿಸಿ.

ನಿದ್ದೆಗೇಡಿ:
1000/1000. ಟೆಸ್ಟ್‌ನಲ್ಲಿ 291. ಹತ್ತು ಪ್ಲಗ್ ತಂದಿದ್ದೆ, ನಾಲ್ಕು ಹಾಳಾದವು. ಮೂರರಲ್ಲಿ ಅದೇ ಹಸಿರು ಜೋಡಿ.